ಪ್ರೆಸ್ ನಿಂತ ದಿನದ ಕೆಲಸ

ಅಡುಗೆಮನೆಯ ಕಪಾಟು, ಆಫೀಸಿನ ಮೇಜು, ಮಕ್ಕಳ ಪುಸ್ತಕದ ಗೂಡು. ಇಂದಿನ ಮನೆಯ 'ಮರ' ಬಹುಪಾಲು ನಾರನ್ನು ಒತ್ತಿ ಮಾಡಿದ ಹಲಗೆ. ಅದನ್ನು ಒತ್ತುವ ದೈತ್ಯ ಯಂತ್ರಕ್ಕೆ ವರ್ಷಕ್ಕೊಮ್ಮೆ ಆಯುಧಪೂಜೆ ನಡೆಯುತ್ತದೆ. ಉಳಿದ ದಿನಗಳಲ್ಲಿ ಅದರ ಕೊಳೆ ಕೆರೆಯುವವರು ಯಾರ ಕಣ್ಣಿಗೂ ಬೀಳುವುದಿಲ್ಲ. ಹಲಗೆಯ ನಯ, ಕಾರ್ಮಿಕರ ಪ್ರಾಣ ಎರಡೂ ಅವರ ಕೈಯಲ್ಲಿವೆ.

ಪ್ರೆಸ್ ನಿಂತು ಆಗಲೇ ಒಂದು ಪಾಳಿ ಕಳೆದಿದೆ. ಆದರೂ ಹತ್ತಿರ ಹೋದರೆ ಶಾಖ ಮುಖಕ್ಕೆ ಬಡಿಯುತ್ತದೆ. ನಾಳೆ ಆಯುಧಪೂಜೆ. ಗೇಟಿನ ಬಳಿ ಬಾಳೆಕಂದು, ಬೂದುಗುಂಬಳ, ಚೆಂಡುಹೂವಿನ ಮೂಟೆ ಇಳಿಯುತ್ತಿವೆ. ಒಳಗೆ, ಎಂಡಿಎಫ್ ಎಂಬ ಆ ನಾರಿನ ಹಲಗೆ ಒತ್ತುವ ಯಂತ್ರದ ಅಡಿಯ ಗುಂಡಿಗೆ ಇಬ್ಬರು ಇಳಿದಿದ್ದಾರೆ. ಮುಖಕ್ಕೆ ಮಾಸ್ಕ್, ಹಣೆಗೆ ದೀಪ, ಕೈಯಲ್ಲಿ ಹಿತ್ತಾಳೆಯ ಚಪ್ಪಟೆ ಉಳಿ.

ಒಬ್ಬ ಚೌಕಟ್ಟಿನ ಮೂಲೆಗೆ ಉಳಿ ಆನಿಸಿ ಒತ್ತುತ್ತಾನೆ. ಅಂಗೈ ಅಗಲದ ಹಕ್ಕಳೆ ಕಳಚಿ ಬೀಳುತ್ತದೆ. ಅದರ ಮೇಲ್ಭಾಗ ಮೆತ್ತನೆಯ ಬೂದು ನಾರು. ನಡುವೆ, ಆಲೆಮನೆಯ ಕೊಪ್ಪರಿಗೆ ತಳದಲ್ಲಿ ಸೀದ ಬೆಲ್ಲದಂಥ ಅಂಟಂಟು ಕಂದು ಪದರ. ಬಿಸಿ ಉಕ್ಕಿಗೆ ತಾಗಿಕೊಂಡಿದ್ದ ಕೆಳಭಾಗ ಕಪ್ಪಗಿದೆ, ಉಗುರಿನಿಂದ ಕೆರೆದರೆ ಇದ್ದಿಲಿನ ಪುಡಿ.

ಅನುಭವವಿರುವ ಮೇಸ್ತ್ರಿಯ ಕಣ್ಣು ಮೊದಲು ಹೋಗುವುದು ಆ ಕಪ್ಪಿನ ಕಡೆಗೆ. ಬೂದು ಪದರ ನಿನ್ನೆ ಮೊನ್ನೆ ಬಿದ್ದದ್ದು. ಕಂದು ಪದರ ವಾರಗಳ ಹಿಂದಿನದು. ಕಪ್ಪು ಪದರವಿದ್ದರೆ ಅಲ್ಲಿ ಬೆಂಕಿ ಹುಟ್ಟುವ ಕೆಲಸ ಆಗಲೇ ಶುರುವಾಗಿತ್ತು ಎಂದರ್ಥ.

ನಾಳೆ ಈ ಯಂತ್ರಕ್ಕೆ ಅರಿಸಿನ ಕುಂಕುಮ ಹಚ್ಚುತ್ತಾರೆ, ಕುಂಬಳಕಾಯಿ ಒಡೆಯುತ್ತಾರೆ. ಆ ಭಕ್ತಿ ದೊಡ್ಡದು. ಆದರೆ ಇಂಥ ಯಂತ್ರ ಬೇಡುವ ಸೇವೆ ವಾರ ವಾರವೂ, ಕೆಲವು ಕಡೆ ಪಾಳಿ ಪಾಳಿಗೂ ನಡೆಯಬೇಕಾದದ್ದು.

ನಾರಿನಿಂದ ಹಲಗೆಗೆ

ಎಂಡಿಎಫ್ ಎಂದರೆ ಮರವನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟುವ ಕೆಲಸ. ದಕ್ಷಿಣ ಭಾರತದಲ್ಲಿ ಇದಕ್ಕೆ ಹೆಚ್ಚಾಗಿ ಬಳಕೆಯಾಗುವುದು ನೀಲಗಿರಿ, ಸುಬಾಬುಲ್, ಸರ್ವೆಯಂಥ ತೋಟದ ಮರಗಳು. ನಮ್ಮ ಚಿಕ್ಕಮಗಳೂರಿನಲ್ಲೇ ಇಂಥದ್ದೊಂದು ಕಾರ್ಖಾನೆಯಿದೆ. ಗಡಿಯಾಚೆ ಆಂಧ್ರದ ಶ್ರೀಕಾಳಹಸ್ತಿಯ ಬಳಿ ಇನ್ನೊಂದಿದೆ.

ಮರವನ್ನು ಚೂರು ಮಾಡಿ, ತೊಳೆದು, ಒತ್ತಡದ ಹಬೆಯಲ್ಲಿ ಬೇಯಿಸಿ, ಸುತ್ತುವ ಉಕ್ಕಿನ ತಟ್ಟೆಗಳ ನಡುವೆ ಅರೆಯುತ್ತಾರೆ. ನಾರು ನಾರಾಗಿ ಹೊರಬಂದದ್ದಕ್ಕೆ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು, ಸ್ವಲ್ಪ ಮೇಣ ಸೇರಿಸಿ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಆ ನಾರನ್ನು ಬೆಲ್ಟಿನ ಮೇಲೆ ಹಾಸಿಗೆಯಾಗಿ ಹರಡುತ್ತಾರೆ. 18 ಮಿ.ಮೀ. ಹಲಗೆ ಬೇಕೆಂದರೆ ಹಾಸಿಗೆ ಮೊಣಕಾಲು ಮಟ್ಟಕ್ಕೆ ಬರಬಹುದು.

ಆಮೇಲೆ ಪ್ರೆಸ್. ಹೊಸ ಕಾರ್ಖಾನೆಗಳಲ್ಲಿರುವುದು ನಿಲ್ಲದೆ ಓಡುವ ಪ್ರೆಸ್. ಮೇಲೊಂದು ಕೆಳಗೊಂದು ಉಕ್ಕಿನ ಬೆಲ್ಟ್, ದಪ್ಪ ಎರಡು ಮೂರು ಮಿ.ಮೀ. ಅಷ್ಟೆ. ಬೆಲ್ಟಿನ ಹಿಂದೆ ಬಿಸಿ ಎಣ್ಣೆ ಹರಿಯುವ ದಪ್ಪ ಉಕ್ಕಿನ ಫಲಕಗಳು. ಫಲಕಕ್ಕೂ ಬೆಲ್ಟಿಗೂ ನಡುವೆ ಸರಪಳಿಗೆ ಕಟ್ಟಿದ ಸಾವಿರಾರು ಸಣ್ಣ ಉರುಳೆಗಳು. ಬೆಲ್ಟಿನ ಶಾಖ 200 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನಾರಿನ ಹಾಸಿಗೆ ಒಂದು ತುದಿಯಲ್ಲಿ ಒಳಗೆ ಹೋಗಿ, ಇನ್ನೊಂದು ತುದಿಯಲ್ಲಿ ಹಲಗೆಯಾಗಿ ಬರುತ್ತದೆ. ಅಂಥ ಯಂತ್ರದ ಉದ್ದ 40 ಮೀಟರ್ ದಾಟುವುದು ಸಾಮಾನ್ಯ.

ಕೊಳೆ ಬರುವುದು ಇಲ್ಲಿಂದಲೇ. ನಾರಿನಲ್ಲಿ ಉಳಿದಿದ್ದ ನೀರು ಹಬೆಯಾಗಿ ಹಾಸಿಗೆಯ ಅಂಚುಗಳಿಂದ ನುಗ್ಗುತ್ತದೆ. ಅದು ಬರುವಾಗ ಅಂಟಿನ ಆವಿ, ಮೇಣ, ಮರದ ರಾಳ, ನಯವಾದ ನಾರು ಎಲ್ಲವನ್ನೂ ಹೊತ್ತು ತರುತ್ತದೆ. ಸರಪಳಿಗೆ ಹಾಕಿದ ಎಣ್ಣೆಯೂ ಶಾಖಕ್ಕೆ ಆವಿಯಾಗಿ ಜೊತೆ ಸೇರುತ್ತದೆ. ತಣ್ಣನೆಯ ಕಬ್ಬಿಣ ಸಿಕ್ಕಲ್ಲಿ ಇವೆಲ್ಲ ಮತ್ತೆ ಜಿಡ್ಡಾಗಿ ಕೂರುತ್ತವೆ. ಜಿಡ್ಡಿನ ಮೇಲೆ ನಾರು, ನಾರಿನ ಮೇಲೆ ಜಿಡ್ಡು. ಚೌಕಟ್ಟು, ಗುಂಡಿ, ಕೇಬಲ್ ಟ್ರೇ, ಹೊಗೆ ಎಳೆಯುವ ಡಕ್ಟ್ ಯಾವುದನ್ನೂ ಅದು ಬಿಡುವುದಿಲ್ಲ.

> ಊಟದ ಹೊತ್ತಿಗೆ ಹುಟ್ಟಿದ ಹಲಗೆ
>
> ನಾರಿನ ಗಟ್ಟಿ ಹಲಗೆಯ ಕಥೆ ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಲಾರೆಲ್ ಪಟ್ಟಣದ್ದು. ಥಾಮಸ್ ಎಡಿಸನ್ ಬಳಿ ಕೆಲಸ ಮಾಡಿದ್ದ ವಿಲಿಯಂ ಮೇಸನ್, ಸಾಮಿಲ್‌ಗಳು ಸುಟ್ಟು ಎಸೆಯುತ್ತಿದ್ದ ಚೂರುಗಳನ್ನು ಹಬೆಯ ಒತ್ತಡದಲ್ಲಿ ಸಿಡಿಸಿ ನಾರು ಮಾಡುವ ದಾರಿ ಕಂಡುಕೊಂಡರು. ಅವರಿಗೆ ಬೇಕಿದ್ದದ್ದು ಶಾಖ ತಡೆಯುವ ಮೆತ್ತನೆಯ ಹಾಳೆ.
>
> 1924ರಲ್ಲಿ ಒಂದು ದಿನ ಪ್ರೆಸ್ ಒಳಗೆ ನಾರು ಬಿಟ್ಟು ಅವರು ಊಟಕ್ಕೆ ಹೋದರು. ಹಬೆಯ ವಾಲ್ವ್ ಸೋರುತ್ತಿತ್ತು, ಪ್ರೆಸ್ ಬಿಸಿಯಾಗುತ್ತಲೇ ಇತ್ತು. ಮರಳಿ ಬಂದಾಗ ಒಳಗಿದ್ದದ್ದು ತೆಳುವಾದ, ಗಟ್ಟಿಯಾದ, ನುಣುಪಾದ ಹಲಗೆ. ಹೀಗೆಂದು ಆ ಉದ್ಯಮದಲ್ಲಿ ಕಥೆ ಹೇಳುತ್ತಾರೆ. ಮರದೊಳಗಿನ ಲಿಗ್ನಿನ್ ಎಂಬ ಸಹಜ ಅಂಟೇ ನಾರನ್ನು ಬೆಸೆದಿತ್ತು. 1926ರಲ್ಲಿ ಉತ್ಪಾದನೆ ಶುರುವಾಯಿತು, ಹಲಗೆಗೆ ಮ್ಯಾಸೊನೈಟ್ ಎಂಬ ಹೆಸರು ಬಂತು.
>
> ಅದರ ಒಂದು ಮೈ ನುಣುಪು, ಇನ್ನೊಂದು ಮೈಯಲ್ಲಿ ಜಾಲರಿಯ ಅಚ್ಚು. ನೀರು, ಹಬೆ ಹೊರಹೋಗಲೆಂದು ಕೆಳಗೆ ತಂತಿಯ ಜಾಲರಿ ಇಡುತ್ತಿದ್ದರು. ಹಿಂಡಿದ ನೀರಿನಲ್ಲಿ ಮರದ ಸಕ್ಕರೆಯ ಅಂಶವಿರುತ್ತಿತ್ತು. ಅದು ಬಿಸಿ ತಟ್ಟೆಗೆ ಅಂಟಿ ಸೀಯುತ್ತಿತ್ತು, ಜಾಲರಿಯ ಕಣ್ಣು ಮುಚ್ಚುತ್ತಿತ್ತು. ಅದೇ ಸಕ್ಕರೆಯ ನೀರನ್ನು ಇಂಗಿಸಿ ಮ್ಯಾಸೊನೆಕ್ಸ್ ಎಂಬ ಹೆಸರಿನಲ್ಲಿ ದನದ ಮೇವಿಗೆ ಮಾರಿದ್ದೂ ಉಂಟು.

ಒಂದು ಉಂಡೆ ಮಾಡುವ ಅನಾಹುತ

ಶುಚಿತ್ವ ಎಂದರೆ ಕಾರ್ಖಾನೆ ನೋಡಲು ಚೆನ್ನಾಗಿರಲಿ ಎಂಬ ಮಾತೆಂದು ಎಷ್ಟೋ ಮಾಲೀಕರು ತಿಳಿದಿದ್ದಾರೆ. ಪ್ರೆಸ್ ಆಪರೇಟರ್‌ಗೆ ಗೊತ್ತು, ಅದು ಹಲಗೆಯ ಬೆಲೆಯ ಮಾತು.

ಮೇಲಿನ ಚೌಕಟ್ಟಿನಿಂದ ನಾರು ಮತ್ತು ಅಂಟಿನ ಒಂದು ಗಟ್ಟಿ ಉಂಡೆ ಹಾಸಿಗೆಯ ಮೇಲೆ ಬಿತ್ತೆಂದುಕೊಳ್ಳಿ. ಸುತ್ತಲಿನ ನಾರು ಒತ್ತಿಕೊಂಡು ತೆಳುವಾಗುತ್ತದೆ, ಉಂಡೆ ಒತ್ತಿಕೊಳ್ಳುವುದಿಲ್ಲ. ಒತ್ತಡವೆಲ್ಲ ಆ ಒಂದು ಬಿಂದುವಿನ ಮೇಲೆ ಬೀಳುತ್ತದೆ. ಉಕ್ಕಿನ ಬೆಲ್ಟಿನಲ್ಲಿ ತಗ್ಗು ಮೂಡುತ್ತದೆ. ಅಲ್ಲಿಂದ ಮುಂದೆ ಬೆಲ್ಟ್ ಸುತ್ತಿದಾಗಲೆಲ್ಲ, ಪ್ರತಿ ಸುತ್ತಿಗೂ ಒಂದು ಹಲಗೆಯ ಮೇಲೆ ಅದೇ ಗುರುತು. ಹಲಗೆ ಉಜ್ಜಿದರೆ ಕೆಲವು ಗುರುತು ಹೋಗುತ್ತವೆ, ಆಳವಾದವು ಹೋಗುವುದಿಲ್ಲ. ಬೆಲ್ಟ್ ರಿಪೇರಿಗೆ ನುರಿತವರೇ ಬರಬೇಕು, ಅಷ್ಟು ಹೊತ್ತು ಲೈನ್ ನಿಲ್ಲಬೇಕು.

ಅದಕ್ಕೇ ಪ್ರೆಸ್ ಬಾಯಿಯ ಮುಂದೆ ಲೋಹ ಪತ್ತೆ ಮಾಡುವ ಯಂತ್ರ, ಹಾಸಿಗೆಯ ಗಟ್ಟಿ ಭಾಗ ಗುರುತಿಸುವ ಯಂತ್ರ ಕೂರಿಸುತ್ತಾರೆ. ಅನುಮಾನ ಬಂದರೆ ಹಾಸಿಗೆಯ ಆ ಭಾಗವನ್ನು ಒಳಗೆ ಬಿಡದೆ ಕೆಳಗೆ ತಳ್ಳಿಬಿಡುತ್ತಾರೆ. ಆದರೆ ಆ ಯಂತ್ರಗಳನ್ನು ದಾಟಿದ ಮೇಲೆ, ಪ್ರೆಸ್ ಬಾಯಿಯ ಹತ್ತಿರದಲ್ಲೇ ಬೀಳುವ ಹಕ್ಕಳೆಯನ್ನು ಯಾವ ಸೆನ್ಸರೂ ಹಿಡಿಯದು. ಅದನ್ನು ತಡೆಯುವುದು ಹಿಂದಿನ ವಾರ ಅಲ್ಲಿ ಕೆರೆದ ಕೈ ಮಾತ್ರ.

ಬೆಲ್ಟಿನ ಮೈಗೆ ಅಂಟು ಹಿಡಿದರೆ ಇನ್ನೊಂದು ತಾಪತ್ರಯ. ಹಲಗೆಯ ಮೇಲ್ಪದರ ಬೆಲ್ಟಿಗೆ ಕಚ್ಚಿಕೊಂಡು ಕಿತ್ತು ಬರುತ್ತದೆ. ಇದಕ್ಕೆಂದೇ ಬೆಲ್ಟಿನ ಮೇಲೆ ಅಂಟು ಬಿಡಿಸುವ ದ್ರವ ಸಿಂಪಡಿಸುತ್ತಾರೆ, ಮರಳುವ ದಾರಿಯಲ್ಲಿ ಸುತ್ತುವ ಬ್ರಷ್ಷು ಬೆಲ್ಟನ್ನು ಉಜ್ಜುತ್ತದೆ. ಸವೆದ ಬ್ರಷ್ ಬದಲಿಸದೆ ಹಾಗೇ ಓಡಿಸುವ ಕಾರ್ಖಾನೆಗಳಲ್ಲಿ ಉಳಿತಾಯವಾಗುವುದು ಬ್ರಷ್ಷಿನ ದುಡ್ಡು, ಹೋಗುವುದು ಹಲಗೆಯ ಮೇಲ್ಮೈ.

ಬಣ್ಣದ ಮೆಲಮೈನ್ ಹಾಳೆ ಅಂಟಿಸುವ ಪ್ರೆಸ್ಸಿನಲ್ಲಿ ಈ ಸೂಕ್ಷ್ಮ ಇನ್ನೂ ಹೆಚ್ಚು. ಅಲ್ಲಿನ ಕ್ರೋಮ್ ಲೇಪದ ತಟ್ಟೆ ಹೇಗಿದೆಯೋ ಹಲಗೆಯ ಮೈ ಹಾಗೆ. ತಟ್ಟೆಗೂ ಹಾಳೆಗೂ ನಡುವೆ ಒಂದು ಕಣ ಸಿಕ್ಕರೆ ನಿಮ್ಮ ಕಪಾಟಿನ ಬಾಗಿಲಲ್ಲಿ ಸಾಸಿವೆ ಗಾತ್ರದ ಕುಳಿ ಕಾಣುತ್ತದೆ. ತಟ್ಟೆಯನ್ನೇ ಗೀಚಿದರೆ ಅದು ಸಾವಿರಾರು ಬಾಗಿಲುಗಳಿಗೆ ಹೋಗುತ್ತದೆ. ಅಲ್ಲಿ ಉಕ್ಕಿನ ಉಳಿಗೆ ಪ್ರವೇಶವಿಲ್ಲ.

ನಯವಾದಷ್ಟೂ ಅಪಾಯ

ಇಂಗ್ಲೆಂಡಿನ ಚೆಷರ್ ಸೀಮೆಯಲ್ಲಿ ಬಾಸ್ಲಿ ಎಂಬ ಹಳ್ಳಿಯಿದೆ. ಅಲ್ಲಿದ್ದ ಗಿರಣಿ ಮರವನ್ನು ಹಿಟ್ಟು ಮಾಡುತ್ತಿತ್ತು. 2015ರ ಜುಲೈ 17ರಂದು ಬೆಳಿಗ್ಗೆ ಅದು ಸ್ಫೋಟಿಸಿತು. ಕಟ್ಟಡ ಕುಸಿಯಿತು, ನಾಲ್ವರು ಸತ್ತರು.

ಅದಕ್ಕೆ ಮೂರೂವರೆ ವರ್ಷ ಮುಂಚೆ, 2012ರ ಜನವರಿ 20ರಂದು ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಬರ್ನ್ಸ್ ಲೇಕ್‌ನಲ್ಲಿ ಒಂದು ಸಾಮಿಲ್ ಸಿಡಿಯಿತು. ಇಬ್ಬರು ಸತ್ತರು, 20 ಮಂದಿ ಗಾಯಗೊಂಡರು. ಮೂರು ತಿಂಗಳು ಕಳೆಯುತ್ತಲೇ, ಏಪ್ರಿಲ್ 23ರಂದು ಅದೇ ಪ್ರಾಂತದ ಪ್ರಿನ್ಸ್ ಜಾರ್ಜ್‌ನಲ್ಲಿ ಇನ್ನೊಂದು ಸಾಮಿಲ್. ಮತ್ತೆ ಇಬ್ಬರ ಸಾವು, 22 ಮಂದಿಗೆ ಗಾಯ. ದುಂಬಿ ಕೊರೆದು ಸತ್ತು ನಿಂತಿದ್ದ ಪೈನ್ ಮರಗಳನ್ನು ಅಲ್ಲಿ ಕೊಯ್ಯುತ್ತಿದ್ದರು. ಸತ್ತ ಮರ ತುಂಬ ಒಣ, ಅದರ ದೂಳು ತುಂಬ ನಯ. ಎರಡನೆಯ ಸ್ಫೋಟದ ಬೆನ್ನಿಗೇ ಪ್ರಾಂತದ ಕಾರ್ಮಿಕ ಸುರಕ್ಷತಾ ಸಂಸ್ಥೆ ಎಲ್ಲ ಸಾಮಿಲ್‌ಗಳಿಗೂ ದೂಳಿನ ತಪಾಸಣೆ ಮಾಡಿ ಗುಡಿಸಿ ತೆಗೆಯುವಂತೆ ಆದೇಶ ಕಳಿಸಿತು.

ಇವು ಪ್ರೆಸ್ ಇದ್ದ ಕಾರ್ಖಾನೆಗಳಲ್ಲ. ಆದರೆ ದೂಳಿನ ಸ್ವಭಾವ ಒಂದೇ. ಎಂಡಿಎಫ್ ಕಾರ್ಖಾನೆಯಲ್ಲಿ ದೂಳು ಇನ್ನೂ ನಯ, ಅದರ ಪಕ್ಕದಲ್ಲೇ 200 ಡಿಗ್ರಿಯ ಉಕ್ಕು.

ಒಂದು ಲೆಕ್ಕ ಹಾಕೋಣ. ಮರದ ನಯ ದೂಳು ಗಾಳಿಯಲ್ಲಿ ಘನ ಮೀಟರಿಗೆ ಸುಮಾರು 40 ಗ್ರಾಂ ತಲುಪಿದರೆ ಸಿಡಿಯಬಲ್ಲದು. ನೆಲದ ಮೇಲೆ, ತೊಲೆಗಳ ಮೇಲೆ ಒಟ್ಟು ಸೇರಿ ಒಂದೇ ಒಂದು ಮಿ.ಮೀ. ದಪ್ಪ ದೂಳು ಕೂತಿದೆ ಅನ್ನಿ. ಸಡಿಲ ದೂಳಿನ ತೂಕ ಘನ ಮೀಟರಿಗೆ 200 ಕೆ.ಜಿ. ಎಂದು ಹಿಡಿದರೆ ಚದರ ಮೀಟರಿಗೆ 200 ಗ್ರಾಂ ಆಯಿತು. ಐದು ಮೀಟರ್ ಎತ್ತರದ ಶೆಡ್ಡಿನಲ್ಲಿ ಅದು ಒಮ್ಮೆಗೇ ಎದ್ದರೆ ಘನ ಮೀಟರಿಗೆ ಸರಿಯಾಗಿ 40 ಗ್ರಾಂ.

ಒಂದು ಮಿಲಿಮೀಟರ್ ದೂಳನ್ನು ಯಾರೂ ಕೊಳೆ ಎಂದು ಕೂಡ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೆರಳಾಡಿಸಿದರೆ ಗೆರೆ ಮೂಡುತ್ತದೆ, ಅಷ್ಟೆ.

ಆ ದೂಳನ್ನು ಒಮ್ಮೆಗೇ ಎಬ್ಬಿಸುವುದು ಮೊದಲನೆಯ ಸಣ್ಣ ಸ್ಫೋಟ. ಡಕ್ಟಿನಲ್ಲೋ ಸೈಲೋದಲ್ಲೋ ಒಂದು ಚಿಕ್ಕ ಸಿಡಿತ ಆಗುತ್ತದೆ. ಅದರ ಹೊಡೆತಕ್ಕೆ ತೊಲೆ, ಕೇಬಲ್ ಟ್ರೇ, ಲೈಟಿನ ಮೇಲೆ ತಿಂಗಳುಗಟ್ಟಲೆ ಕೂತಿದ್ದ ದೂಳೆಲ್ಲ ಉದುರಿ ಮೋಡವಾಗುತ್ತದೆ. ಹಿಂದೆಯೇ ಬರುವ ಜ್ವಾಲೆ ಆ ಮೋಡಕ್ಕೆ ತಗಲುತ್ತದೆ. ದೊಡ್ಡ ಪ್ರಾಣಹಾನಿಯಾಗುವುದು ಹೆಚ್ಚಾಗಿ ಈ ಎರಡನೆಯ ಸ್ಫೋಟದಲ್ಲಿ. ಮೇಲೆ ದೂಳು ಇಲ್ಲದಿದ್ದರೆ ಮೊದಲನೆಯದು ಅಲ್ಲಿಗೇ ಮುಗಿಯುತ್ತಿತ್ತು.

> ಐದು ಸೇರಿದರೆ ಸ್ಫೋಟ
>
> ಉರಿಯುವ ದೂಳು, ಆಮ್ಲಜನಕ, ಕಿಡಿ: ಈ ಮೂರಿದ್ದರೆ ಬೆಂಕಿ. ದೂಳು ಗಾಳಿಯಲ್ಲಿ ಹರಡಿ, ಆ ಜಾಗ ನಾಲ್ಕೂ ಕಡೆ ಮುಚ್ಚಿದ್ದರೆ ಸ್ಫೋಟ.
>
> ಅಮೆರಿಕದ ಎನ್‌ಎಫ್‌ಪಿಎ 664 ಎಂಬ ಮರದ ಉದ್ಯಮದ ಮಾನದಂಡ ಬಹುಕಾಲ ಹಿಡಿದಿದ್ದ ಅಳತೆಗೋಲು ಇಂಚಿನ ಎಂಟನೇ ಒಂದು ಭಾಗ, ಅಂದರೆ ಸುಮಾರು 3.2 ಮಿ.ಮೀ. ಒಣ ದೂಳಿನ ಪದರ ಅದನ್ನು ದಾಟಬಾರದು ಎಂದು ಅದು ಹೇಳುತ್ತಿತ್ತು.
>
> ಬಿಸಿ ಲೋಹದ ಮೇಲೆ ಕೂತ ದೂಳು ದಪ್ಪವಾದಷ್ಟೂ ಕಡಿಮೆ ಶಾಖಕ್ಕೇ ಹೊತ್ತಿಕೊಳ್ಳುತ್ತದೆ. ಒಳಗಿನ ಬಿಸಿ ಹೊರಗೆ ಹೋಗಲು ದಾರಿಯಿಲ್ಲದೆ ಪದರದ ಒಡಲಲ್ಲೇ ಶಾಖ ಏರುತ್ತದೆ.

ಏರ್ ಹೊಡೆಯಬೇಡಿ

ನಮ್ಮ ಕಾರ್ಖಾನೆಗಳಲ್ಲಿ ದೂಳು ತೆಗೆಯುವುದು ಎಂದರೆ ಮೊದಲು ಕೈಗೆ ಬರುವುದು ಏರ್ ಪೈಪ್. ಕಂಪ್ರೆಸರ್ ಲೈನ್ ಎಲ್ಲ ಕಡೆ ಇರುತ್ತದೆ. ಒಮ್ಮೆ ಹೊಡೆದರೆ ಯಂತ್ರ ಫಳಫಳ. ಕೆಲಸ ಬೇಗ, ಮೇಲ್ವಿಚಾರಕನಿಗೂ ಸಮಾಧಾನ.

ದೂಳು ಹೋಗುವುದೆಲ್ಲಿಗೆ? ಕೆಳಗಿದ್ದದ್ದು ಮೇಲಿನ ತೊಲೆಗೆ. ಕೈಗೆ ಎಟುಕುತ್ತಿದ್ದದ್ದು ಏಣಿಯಿಟ್ಟರೂ ಎಟುಕದ ಜಾಗಕ್ಕೆ. ದಪ್ಪ ಕಣ ಕೆಳಗೆ ಉಳಿದು, ಎಲ್ಲಕ್ಕಿಂತ ನಯವಾದದ್ದು, ಅಂದರೆ ಎಲ್ಲಕ್ಕಿಂತ ಸುಲಭವಾಗಿ ಸಿಡಿಯುವಂಥದ್ದು, ಚಾವಣಿಯ ಕೆಳಗೆ ಹೋಗಿ ಕೂರುತ್ತದೆ. ಹೊಡೆಯುವ ಆ ಹತ್ತು ನಿಮಿಷ ಹಾಲ್ ತುಂಬ ದೂಳಿನ ಮೋಡ. ಪಕ್ಕದಲ್ಲಿ ಬಿಸಿ ಪ್ರೆಸ್. ಸ್ಫೋಟಕ್ಕೆ ಬೇಕಾದ ಐದರಲ್ಲಿ ನಾಲ್ಕನ್ನು ನಾವೇ ಕೈಯಾರೆ ಕೂಡಿಸಿದ ಹಾಗಾಯಿತು.

ಮೈಮೇಲಿನ ದೂಳು ಕೊಡವಲು ಅದೇ ಪೈಪನ್ನು ಬಟ್ಟೆಗೆ ಹಿಡಿಯುವುದಂತೂ ದಿನನಿತ್ಯ ಕಾಣುವ ದೃಶ್ಯ. ಕಾರ್ಖಾನೆಯ ಏರ್ ಲೈನಿನ ಒತ್ತಡ ಆರೇಳು ಬಾರ್ ಇರುತ್ತದೆ. ಅಮೆರಿಕದ ನಿಯಮ ಶುಚಿ ಮಾಡುವ ಗಾಳಿಗೆ ಇಟ್ಟ ಮಿತಿ 30 ಪಿಎಸ್‌ಐ, ಅಂದರೆ ಸುಮಾರು ಎರಡು ಬಾರ್. ಚರ್ಮದ ಸಣ್ಣ ಗಾಯದ ಮೂಲಕ ಗಾಳಿ ದೇಹದೊಳಗೆ ನುಗ್ಗಬಲ್ಲದು, ಕಣ್ಣು ಕಿವಿಗೆ ಹೊಡೆದರೆ ಶಾಶ್ವತ ಹಾನಿ.

ಹಾಗಾದರೆ ಮಾಡಬೇಕಾದದ್ದು ಊದುವುದಲ್ಲ, ಹೀರುವುದು. ಕಿಡಿ ಹಾರದ ಮೋಟಾರಿನ, ಸರಿಯಾಗಿ ಅರ್ತಿಂಗ್ ಮಾಡಿದ ಕೈಗಾರಿಕಾ ವ್ಯಾಕ್ಯೂಮ್ ಬೇಕು. ಅರ್ತಿಂಗ್ ಯಾಕೆಂದರೆ ಒಣ ದೂಳು ಪ್ಲಾಸ್ಟಿಕ್ ಕೊಳವೆಯಲ್ಲಿ ಓಡುವಾಗ ಸ್ಥಾಯೀ ವಿದ್ಯುತ್ ಹುಟ್ಟುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ತಂದು ಇಲ್ಲಿ ಓಡಿಸಿದರೆ ಅದೇ ಕಿಡಿಯಾದೀತು. ಶುಚಿ ಮಾಡುವ ಕ್ರಮವೂ ಮುಖ್ಯ, ಮೇಲಿನಿಂದ ಕೆಳಕ್ಕೆ: ಮೊದಲು ತೊಲೆ, ಆಮೇಲೆ ಟ್ರೇ, ಆಮೇಲೆ ಚೌಕಟ್ಟು, ಕೊನೆಗೆ ಗುಂಡಿ.

ಅಂಟಿ ಗಟ್ಟಿಯಾದದ್ದಕ್ಕೆ ಹಿತ್ತಾಳೆ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಉಳಿ. ಅದು ಬೆಲ್ಟ್ ಗೀಚುವುದಿಲ್ಲ, ಕಿಡಿಯ ಭಯವೂ ಕಡಿಮೆ. ಬಿಸಿ ಫಲಕದ ಮೇಲೆ ತಣ್ಣೀರು ಹೊಯ್ಯುವ ಹಾಗಿಲ್ಲ, ಉಕ್ಕು ಬಾಗುತ್ತದೆ.

ಈಚೆಗೆ ಹೆಚ್ಚು ಬಳಕೆಗೆ ಬಂದಿರುವುದು ಡ್ರೈ ಐಸ್. ಮೈನಸ್ 78.5 ಡಿಗ್ರಿಯ ಗಟ್ಟಿ ಇಂಗಾಲದ ಡೈಆಕ್ಸೈಡ್ ಕಾಳುಗಳನ್ನು ಗಾಳಿಯ ವೇಗದಲ್ಲಿ ಜಿಡ್ಡಿನ ಮೇಲೆ ಚಿಮ್ಮಿಸುತ್ತಾರೆ. ಜಿಡ್ಡು ಒಮ್ಮೆಗೇ ತಣ್ಣಗಾಗಿ ಕುಗ್ಗಿ ಬಿರುಕು ಬಿಡುತ್ತದೆ. ಕಾಳು ತಕ್ಷಣ ಅನಿಲವಾಗಿ ಹಿಗ್ಗಿ ಅದನ್ನು ಎಬ್ಬಿಸುತ್ತದೆ. ನೀರಿಲ್ಲ, ಮರಳಿಲ್ಲ, ಆಮೇಲೆ ಒರೆಸುವ ಗೋಜಿಲ್ಲ. ಆದರೆ ಇಲ್ಲೂ ಒಂದು ಎಚ್ಚರಿಕೆ ಬೇಕು. ಆ ಅನಿಲ ಗಾಳಿಗಿಂತ ಭಾರ, ಪ್ರೆಸ್ಸಿನ ಕೆಳಗಿನ ಗುಂಡಿಯಲ್ಲಿ ತುಂಬಿಕೊಳ್ಳುತ್ತದೆ. ಗುಂಡಿಯಲ್ಲಿ ಗಾಳಿಯಾಡುವ ವ್ಯವಸ್ಥೆ, ಆಮ್ಲಜನಕದ ಮೀಟರ್, ಮೇಲೆ ಕಾಯುವ ಒಬ್ಬ ಮನುಷ್ಯ, ಇಷ್ಟಿಲ್ಲದೆ ಯಾರನ್ನೂ ಕೆಳಗೆ ಇಳಿಸಬಾರದು.

ಡಕ್ಟಿನೊಳಗೆ ಕಾಣದ ಜಿಡ್ಡು

ಪ್ರೆಸ್ ಮೇಲಿನ ಹೊಗೆಯನ್ನು ಎಳೆಯುವ ಡಕ್ಟ್‌ಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಎಣ್ಣೆ, ಮೇಣ, ಅಂಟು, ನಾರು ನಾಲ್ಕೂ ಒಂದೇ ಕಡೆ ಸೇರುವ ಜಾಗ ಅದು. ಹೊರಗಿನಿಂದ ನೋಡಿದರೆ ಹೊಳೆಯುವ ತಗಡು. ಒಳಗೆ ಬೆರಳು ದಪ್ಪದ ಉರುವಲು. ಶೆಡ್ಡಿನಲ್ಲಿ ಹುಟ್ಟಿದ ಸಣ್ಣ ಬೆಂಕಿಯನ್ನು ಗಾಳಿಯ ವೇಗದಲ್ಲಿ ಚಾವಣಿಯಾಚೆಗೆ ಒಯ್ಯುವುದು ಈ ದಾರಿಯೇ. ತಪಾಸಣೆಯ ಬಾಗಿಲುಗಳಿಲ್ಲದ ಡಕ್ಟ್ ಕಟ್ಟಿಸಿದವರು ಮುಂದಿನ ಬೆಂಕಿಗೆ ಈಗಲೇ ಜಾಗ ಮಾಡಿಕೊಟ್ಟಂತೆ. ಚೆನ್ನಾಗಿ ನಡೆಸುವ ಕಾರ್ಖಾನೆಗಳಲ್ಲಿ ಡಕ್ಟಿನೊಳಗೇ ನೀರಿನ ನಳಿಕೆ ಕೂರಿಸಿ ಆಗಾಗ ತೊಳೆಯುತ್ತಾರೆ.

ನಾರು, ದೂಳು ಸಾಗಿಸುವ ಕೊಳವೆಗಳಲ್ಲಿ ಕಿಡಿ ಹಿಡಿಯುವ ಕಣ್ಣುಗಳಿರುತ್ತವೆ. ಕತ್ತಲ ಕೊಳವೆಯಲ್ಲಿ ಹಾರುವ ಒಂದು ಕೆಂಡದ ಅವಕೆಂಪು ಬೆಳಕನ್ನು ಅವು ಗುರುತಿಸುತ್ತವೆ. ಕೆಂಡ ಕೆಲವು ಮೀಟರ್ ಮುಂದೆ ಹೋಗುವಷ್ಟರಲ್ಲಿ, ಕ್ಷಣದ ಒಂದಂಶದಲ್ಲಿ, ಅಲ್ಲಿ ನೀರು ಚಿಮ್ಮಿ ಕಾದಿರುತ್ತದೆ.    

ಆ ಕಣ್ಣುಗಳಿಗೂ ಜಿಡ್ಡು ಹಿಡಿಯುತ್ತದೆ. ಒರೆಸದ ಸೆನ್ಸರ್ ಕುರುಡು. ಪ್ಯಾನೆಲ್ಲಿನಲ್ಲಿ ಹಸಿರು ದೀಪ ಉರಿಯುತ್ತಿದ್ದರೆ ಸಾಕು ಎಂದು ಕೂತವರಿಗೆ ಇದು ತಿಳಿಯುವುದು ತಡವಾಗಿ.

> ದಾಂಡೇಲಿಯ ಇನ್ನೊಂದು ಪ್ರೆಸ್
>
> ಕರ್ನಾಟಕಕ್ಕೆ ಮರದ ನಾರು ಒತ್ತುವುದು ಹೊಸದಲ್ಲ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ 1930ರ ದಶಕದ್ದು. ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1955ರಲ್ಲಿ ಸ್ಥಾಪನೆಯಾಯಿತು.
>
> ಕಾಗದದ ಪ್ರೆಸ್ ಬಿಸಿಯದಲ್ಲ, ಒದ್ದೆಯದು. ನೀರು ತುಂಬಿದ ನಾರಿನ ಹಾಳೆಯನ್ನು ಫೆಲ್ಟ್ ಎಂಬ ದಪ್ಪ ಬಟ್ಟೆಯ ಜೊತೆ ಉರುಳೆಗಳ ನಡುವೆ ಹಿಂಡುತ್ತಾರೆ. ಮರದ ರಾಳ, ಸುಣ್ಣದಂಥ ಪುಡಿ ಫೆಲ್ಟಿನ ಕಣ್ಣು ಮುಚ್ಚಿದರೆ ಅದು ನೀರು ಹೀರುವುದನ್ನು ನಿಲ್ಲಿಸುತ್ತದೆ. ಅದಕ್ಕೆ ಯಂತ್ರ ಓಡುತ್ತಿರುವಾಗಲೇ ಸೂಜಿಯಂಥ ನೀರಿನ ಧಾರೆ ಫೆಲ್ಟಿನ ಅಡ್ಡಕ್ಕೂ ಚಲಿಸುತ್ತ ತೊಳೆಯುತ್ತದೆ, ಹಿಂದೆಯೇ ನಿರ್ವಾತದ ಪೆಟ್ಟಿಗೆ ಆ ನೀರನ್ನು ಎಳೆದುಕೊಳ್ಳುತ್ತದೆ.
>
> ಪ್ರೆಸ್ಸಿನಲ್ಲಿ ಹಾಳೆ ಶೇ 1ರಷ್ಟು ಹೆಚ್ಚು ಒಣಗಿದರೆ ಮುಂದೆ ಒಣಗಿಸಲು ಬೇಕಾದ ಹಬೆಯಲ್ಲಿ ಸುಮಾರು ಶೇ 4 ಉಳಿಯುತ್ತದೆ ಎಂಬುದು ಕಾಗದದ ಎಂಜಿನಿಯರುಗಳ ರೂಢಿಯ ಲೆಕ್ಕ. ಫೆಲ್ಟ್ ತೊಳೆಯುವವನ ಕೆಲಸ ನೇರವಾಗಿ ಬಾಯ್ಲರಿನ ಉರುವಲಿಗೆ ತಟ್ಟುತ್ತದೆ.

ಗುಂಡಿಗೆ ಇಳಿಯುವವರು ಯಾರು?

ಪ್ರೆಸ್ ನಿಂತ ಮೇಲೂ ಅದು ಸತ್ತ ಯಂತ್ರವಲ್ಲ. ಹೈಡ್ರಾಲಿಕ್ ಕೊಳವೆಗಳಲ್ಲಿ ಒತ್ತಡ ಉಳಿದಿರುತ್ತದೆ. ಫಲಕದೊಳಗಿನ ಎಣ್ಣೆ ಗಂಟೆಗಟ್ಟಲೆ ಬಿಸಿಯಾಗಿಯೇ ಇರುತ್ತದೆ. ಎತ್ತಿ ಹಿಡಿದ ಮೇಲಿನ ಭಾಗಕ್ಕೆ ಉಕ್ಕಿನ ಊರೆ ಕೊಡದೆ ಕೆಳಗೆ ಕೈ ಹಾಕುವ ಹಾಗಿಲ್ಲ. ಒಳಗೆ ಇಳಿಯುವ ಪ್ರತಿಯೊಬ್ಬನೂ ಮುಖ್ಯ ಸ್ವಿಚ್ಚಿಗೆ ತನ್ನದೇ ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲಿಟ್ಟುಕೊಳ್ಳಬೇಕು. ಹೊರಗಿನವರು ಎಷ್ಟೇ ಅವಸರ ಮಾಡಿದರೂ ಅವನು ಹೊರಬಂದು ಬೀಗ ತೆಗೆಯುವ ತನಕ ಯಂತ್ರ ಚಾಲೂ ಆಗಬಾರದು.

ಇಷ್ಟು ತಿಳಿವಳಿಕೆ ಬೇಡುವ ಕೆಲಸವನ್ನು ನಾವು 'ಹೌಸ್‌ಕೀಪಿಂಗ್' ಎಂಬ ತಲೆಬರಹದ ಕೆಳಗೆ ಹಾಕಿ ಗುತ್ತಿಗೆದಾರನಿಗೆ ಒಪ್ಪಿಸುತ್ತೇವೆ. ಪ್ರೆಸ್ ಓಡಿಸುವವನಿಗೆ ತರಬೇತಿಯಿದೆ, ಬಡ್ತಿಯಿದೆ. ಪ್ರೆಸ್ ಕೆರೆಯುವವನು ಇವತ್ತು ಇಲ್ಲಿ, ನಾಳೆ ಇನ್ನೊಂದು ಕಡೆ. ಕಪ್ಪು ಪದರ ಏನು ಹೇಳುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಅವನು ಅದನ್ನು ಉಳಿದ ಕಸದ ಜೊತೆ ಚೀಲಕ್ಕೆ ತುಂಬಿ ಹೊರಗೆ ಸಾಗಿಸುತ್ತಾನೆ. ಎಲ್ಲಿ, ಎಷ್ಟು, ಯಾವ ಬಣ್ಣದ್ದು ಎಂಬ ಮಾಹಿತಿ ಚೀಲದ ಜೊತೆಗೇ ಹೋಗುತ್ತದೆ. ಇದು ನನಗೆ ಬಹಳ ಅನ್ಯಾಯವಾಗಿ, ಬಹಳ ಅಪಾಯವಾಗಿ ಕಾಣುತ್ತದೆ.

ಅವನ ಶ್ವಾಸಕೋಶದ ಮಾತೂ ಇದೆ. ಮರದ ದೂಳು, ಫಾರ್ಮಾಲ್ಡಿಹೈಡ್ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತ ಎಂಬ ಮೊದಲ ಗುಂಪಿನಲ್ಲಿ ಇಟ್ಟಿದೆ. ಪ್ರೆಸ್ಸಿನ ಹಕ್ಕಳೆ ಎರಡರ ಮಿಶ್ರಣ. ಮೂಗಿಗೆ ಕಟ್ಟಿಕೊಂಡ ಕರವಸ್ತ್ರ ಅದಕ್ಕೆ ಏನೂ ಅಲ್ಲ. ಮುಖಕ್ಕೆ ಸರಿಯಾಗಿ ಕೂರುವ, ಕಣಕ್ಕೂ ಆವಿಗೂ ಬೇರೆ ಬೇರೆ ಫಿಲ್ಟರ್ ಇರುವ ಮಾಸ್ಕ್ ಬೇಕು. ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸಬೇಕು.

ಕಾನೂನು ಇದನ್ನು ಮರೆತಿರಲಿಲ್ಲ. 1948ರ ಕಾರ್ಖಾನೆ ಕಾಯ್ದೆಯ 37ನೇ ಕಲಂ ಬರೆದದ್ದೇ ಸಿಡಿಯುವ ದೂಳು ಮತ್ತು ಅನಿಲದ ಬಗ್ಗೆ. ದೂಳು ಕೂಡಿಕೊಳ್ಳದಂತೆ ತೆಗೆಯಬೇಕು, ಬೆಂಕಿಯ ಮೂಲಗಳನ್ನು ದೂರವಿಡಬೇಕು ಎಂದು ಅದು ಸ್ಪಷ್ಟವಾಗಿ ಹೇಳಿತ್ತು. 36ನೇ ಕಲಂ ಗುಂಡಿ, ತೊಟ್ಟಿಗಳಂಥ ಇಕ್ಕಟ್ಟಿನ ಜಾಗಕ್ಕೆ ಇಳಿಯುವವರ ರಕ್ಷಣೆಯದಾಗಿತ್ತು. ಸ್ವಾತಂತ್ರ್ಯ ಬಂದ ಮರುವರ್ಷವೇ ಇಷ್ಟು ಯೋಚಿಸಿದ್ದ ದೇಶ ನಮ್ಮದು.

ಪ್ರೆಸ್ ಶುಚಿಗೆ ಕೊಟ್ಟ ಗಂಟೆಗಳನ್ನು 'ಉತ್ಪಾದನೆ ನಷ್ಟ' ಎಂಬ ಕಾಲಮ್ಮಿನಲ್ಲಿ ಬರೆಯುವ ಪದ್ಧತಿ ಮೊದಲು ಹೋಗಬೇಕು. ಹಾಗೆ ಬರೆದಷ್ಟು ಕಾಲ ತಿಂಗಳ ಕೊನೆಗೆ ಟಾರ್ಗೆಟ್ ಮುಟ್ಟಲು ಯಾವ ಮ್ಯಾನೇಜರ್ ಆದರೂ ಮೊದಲು ಕತ್ತರಿ ಹಾಕುವುದು ಅದಕ್ಕೇ. ಅದನ್ನು ಉತ್ಪಾದನೆಯ ಗಂಟೆಗಳೊಳಗೇ ಸೇರಿಸಿ. ತೆಗೆದ ಕೊಳೆಯ ತೂಕ, ಜಾಗ, ಬಣ್ಣ ಬರೆಯಲು ಗುಂಡಿಯ ಬಾಯಲ್ಲೇ ಒಂದು ಪುಸ್ತಕ ಇಡಿ, ಕೆರೆದವನೇ ಅದರಲ್ಲಿ ಬರೆಯಲಿ. ಒಂದೇ ಮೂಲೆಯಲ್ಲಿ ಎರಡನೇ ಸಲ ಕಪ್ಪು ಕಂಡರೆ ಅಲ್ಲಿ ಎಣ್ಣೆ ಸೋರುತ್ತಿರಬಹುದು, ಹೊಗೆ ಎಳೆಯುವ ಬಾಯಿ ಕಟ್ಟಿರಬಹುದು. ಫಿಟ್ಟರನ್ನು ಅಲ್ಲಿಗೆ ಕಳಿಸಿ.

ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಪ್ಲೈವುಡ್ ಉದ್ಯಮಕ್ಕೆಂದೇ 1960ರ ದಶಕದಿಂದ ಸಂಶೋಧನೆ, ತರಬೇತಿ ನಡೆಸುತ್ತ ಬಂದ ಸಂಸ್ಥೆಯಿದೆ. ಇಪಿರ್ಟಿ ಎಂದೇ ಅದು ಹೆಸರುವಾಸಿ. ಬಿದಿರಿನ ಚಾಪೆ ಹಲಗೆಯಂಥ ಹೊಸ ವಸ್ತುಗಳನ್ನು ರೂಪಿಸಿದ್ದು ಅದರ ಹೆಗ್ಗಳಿಕೆ, ದೇಶದ ಎಷ್ಟೋ ಹಲಗೆ ಕಾರ್ಖಾನೆಗಳ ಅಧಿಕಾರಿಗಳು ಅಲ್ಲಿ ಕಲಿತವರು. ಮುಂದಿನ ಸಲ ಅಲ್ಲಿಗೆ ತರಬೇತಿಗೆ ಹೆಸರು ಕಳಿಸುವಾಗ ಮ್ಯಾನೇಜರ್, ಆಪರೇಟರ್ ಜೊತೆಗೆ ಹಿತ್ತಾಳೆ ಉಳಿ ಹಿಡಿಯುವ ಆ ಇಬ್ಬರ ಹೆಸರನ್ನೂ ಕಾರ್ಖಾನೆಗಳು ಸೇರಿಸಬೇಕು. ಅವರು ಗುತ್ತಿಗೆಯವರೇ ಆಗಿದ್ದರೂ, ಆ ದಿನಗಳ ಕೂಲಿ ಕೊಟ್ಟೇ ಕಳಿಸಬೇಕು.